ಚರಗದ ಊಟದ ಚಿತ್ರ: ಬಿಳಿ ಟ್ಯೂಬ್ ದೂರ ಇಟ್ಟ ಮೇಲೆ ಬಂದ ಮೈಬಣ್ಣ

ಕ್ಯಾನ್ವಾಸ್ 24 × 30 ಇಂಚು, ಎಣ್ಣೆಬಣ್ಣ. ಎಳ್ಳ ಅಮಾವಾಸ್ಯೆಯ ದಿನ ಬಬಲೇಶ್ವರದ ಕಡೆಯ ನಮ್ಮ ಹೊಲದಲ್ಲಿ ಚರಗ (ಭೂತಾಯಿಗೆ ಎರಚುವ ಹಬ್ಬದ ಅಡುಗೆ) ಚೆಲ್ಲಿದ ಮೇಲೆ ಬೇವಿನ ಗಿಡದ ಕೆಳಗೆ ಊಟಕ್ಕೆ ಕೂತ ಮೂವರು: ದೊಡ್ಡವ್ವ, ಕಾಕಾ, ಅಕ್ಕನ ಮಗಳು. ಚಿತ್ರ ಮುಕ್ಕಾಲು ಪಾಲು ಮುಗಿದಿದೆ. ಕಾಕಾನ ಬಲಗೈ ಮಾತ್ರ ಕೆರೆದು ಹಾಗೇ ಬಿಟ್ಟಿದ್ದೇನೆ. ಅದರ ಕಥೆ ಕೊನೆಗೆ.

ನಾನು ವಿಜಯಪುರದಲ್ಲಿ ಅಂಗಡಿ ಬೋರ್ಡ್ ಬರೆಯುತ್ತಿದ್ದವನು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು, ಕೈಯ ಅಭ್ಯಾಸ ಮಾತ್ರ ಹೋಗಲಿಲ್ಲ. ಅಂಚು ಚೊಕ್ಕ ಇರಬೇಕು, ಬಣ್ಣ ನುಣ್ಣಗೆ ಕೂರಬೇಕು, ಬ್ರಷ್ಷಿನ ಗುರುತು ಕಾಣಬಾರದು. ಕಣ್ಣಿಗೂ ಅದೇ ಪಾಠ ಆಗಿತ್ತು. ನಮ್ಮ ಮನೆಯ ಗೋಡೆಯ ಮೇಲೆ ಇದ್ದದ್ದು ಕ್ಯಾಲೆಂಡರ್ ದೇವರುಗಳು. ಕಲಬುರಗಿಯ ಎಸ್.ಎಂ. ಪಂಡಿತ್ ಆ ಕೆಲಸದಲ್ಲಿ ದೊಡ್ಡ ಹೆಸರು, ಆ ನುಣುಪು ಬರಲು ಎಷ್ಟು ಕಸುಬು ಬೇಕು ಅಂತ ಬ್ರಷ್ ಹಿಡಿದವನಿಗೆ ಗೊತ್ತು. ಆದರೆ ನನಗೆ ಈ ಸಲ ಬೇಕಿದ್ದದ್ದು ಬೇರೆ. ಬ್ರಷ್ಷಿನ ಗೀರು ಕಾಣಬೇಕು, ಬಣ್ಣ ಸಡಿಲವಾಗಿ ಬೀಳಬೇಕು, ಆದರೂ ನಮ್ಮವರ ಮೈಬಣ್ಣ ನಮ್ಮವರದೇ ಅನ್ನಿಸಬೇಕು.

1. ಚೌಕಟ್ಟು, ಬಟ್ಟೆ, ಪ್ರೈಮರ್

ಹಳೆಯ ಕಿಟಕಿಯ ಸಾಗವಾನಿ ಪಟ್ಟಿ ಮನೆಯಲ್ಲೇ ಇತ್ತು. ಬಡಗಿಯ ಕೂಲಿ 450 ರೂಪಾಯಿ. ಚೌಕಟ್ಟಿನ ಒಳ ಅಂಚನ್ನು ಇಳಿಜಾರಾಗಿ ಹೆರೆಸಿಕೊಳ್ಳಿ. ಇಲ್ಲದಿದ್ದರೆ ಬ್ರಷ್ ಒತ್ತಿದಾಗ ಬಟ್ಟೆ ಮರಕ್ಕೆ ತಾಗಿ ನಾಲ್ಕೂ ಕಡೆ ಗೆರೆ ಮೂಡುತ್ತದೆ. ಬಟ್ಟೆ ಟೆಂಟ್ ಹೊಲಿಯುವವರ ಅಂಗಡಿಯದು, ದಪ್ಪ ಕಾಟನ್, ಮೀಟರಿಗೆ 180. ಗಂಜಿ ಹೋಗುವವರೆಗೆ ತೊಳೆದು ಒಣಗಿಸಿದೆ. ಮಡಚಲು ಪ್ರತಿ ಬದಿಗೆ 2 ಇಂಚು ಬಿಟ್ಟು 28 × 34 ಕತ್ತರಿಸಿದೆ.

ಮೊದಲ ಪ್ರೈಮರ್ (ಬಟ್ಟೆಗೆ ಬಣ್ಣಕ್ಕೆ ಮುಂಚೆ ಹಚ್ಚುವ ಅಡಿಪದರ) ಕೆಲಸಕ್ಕೆ ಬರಲಿಲ್ಲ. ದುಡ್ಡು ಉಳಿಸಲು ಬಡಗಿಗಳ ಬಿಳಿ ಅಂಟಿಗೆ ಚಾಕ್ ಪುಡಿ ಕಲಸಿ ಹಚ್ಚಿದ್ದೆ. ಅದು ಬಣ್ಣದೊಳಗಿನ ಎಣ್ಣೆಯನ್ನೆಲ್ಲ ಹೀರಿಕೊಂಡಿತು. ಬ್ರಷ್ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. ಬೆಳಿಗ್ಗೆ ನೋಡಿದರೆ ಬಣ್ಣ ಮಂಕು. ಸಡಿಲ ಗೀರು ಬೇಕೆಂದರೆ ಬಣ್ಣ ಜಾರಬೇಕು. ಒರಟು ನೆಲದ ಮೇಲೆ ಅದು ಆಗದ ಮಾತು. ಆ ತುಂಡನ್ನು ಕಿತ್ತು ಬಣ್ಣ ಪರೀಕ್ಷೆಗೆ ಇಟ್ಟುಕೊಂಡೆ. ಹೊಸ ತುಂಡಿಗೆ ಅಂಗಡಿಯ ಅಕ್ರಿಲಿಕ್ ಜೆಸ್ಸೋ (ಸಿದ್ಧ ಬಿಳಿ ಪ್ರೈಮರ್), ಒಂದು ಕೋಟ್ ಅಡ್ಡ, ಒಂದು ಉದ್ದ, ಮತ್ತೊಂದು ಅಡ್ಡ. ನಡುನಡುವೆ 220ರ ಉಪ್ಪುಕಾಗದ.

ಬಿಳಿ ನೆಲದ ಮೇಲೆ ನೇರವಾಗಿ ಬರೆಯಲಿಲ್ಲ. ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಪುಗಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಬಳಿದು, ಚಿಂದಿಯಿಂದ ಒರೆಸಿದೆ. ಬಿಳಿಯ ಪಕ್ಕ ಇಟ್ಟರೆ ಯಾವ ಮೈಬಣ್ಣವೂ ಕಪ್ಪಾಗಿ ಕಾಣುತ್ತದೆ. ಹೆದರಿ ಮತ್ತೆ ಬಿಳಿ ಸುರಿಯುತ್ತೇವೆ. ಕಂದು ನೆಲ ಆ ಹೆದರಿಕೆಯನ್ನೇ ತಪ್ಪಿಸುತ್ತದೆ.

2. ಹೊಲದಲ್ಲಿ ಬರೆದುಕೊಂಡದ್ದು

ಫೋನಿನಲ್ಲಿ ಸಿಕ್ಕಾಪಟ್ಟೆ ಫೋಟೊ ತೆಗೆದಿದ್ದೆ. ಯಾರು ಎಲ್ಲಿ ಕೂತಿದ್ದರು, ಬುತ್ತಿ ಎಲ್ಲಿತ್ತು ಅನ್ನುವುದಕ್ಕೆ ಅವು ಸಾಕು. ಬಣ್ಣಕ್ಕೆ ಅಲ್ಲ. ಫೋಟೊದಲ್ಲಿ ನೆರಳು ಪೂರ್ತಿ ಕಪ್ಪು, ಬಿಸಿಲಿನ ಮೈ ಪೂರ್ತಿ ಕಿತ್ತಳೆ, ನಡುವಿನದೇನೂ ಉಳಿದಿರಲಿಲ್ಲ.

ಉಪಯೋಗಕ್ಕೆ ಬಂದದ್ದು ಪೋಸ್ಟ್‌ಕಾರ್ಡ್ ಗಾತ್ರದ ರಟ್ಟುಗಳು. ಅವಕ್ಕೂ ಜೆಸ್ಸೋ ಹಚ್ಚಿ ಒಯ್ದಿದ್ದೆ. ಅದರಲ್ಲಿ ಚಿತ್ರ ಇಲ್ಲ, ಬರೀ ಬಣ್ಣದ ತುಂಡುಗಳು: ಬಿಸಿಲಲ್ಲಿ ಕಾಕಾನ ಕೆನ್ನೆ, ನೆರಳಲ್ಲಿ ಅವರ ಹಣೆ, ದೊಡ್ಡವ್ವನ ಕುತ್ತಿಗೆ, ಮಗುವಿನ ಮೊಣಕಾಲು. ಬಣ್ಣ ಕಲಸಿ ಚಾಕುವಿನ ತುದಿಗೆ ತಗೊಂಡು, ಕೈ ಚಾಚಿ, ಅವರ ಮೈಗೆ ಎದುರಾಗಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವುದು. ಹೊಂದಿದರೆ ರಟ್ಟಿಗೆ ಹಚ್ಚುವುದು.

"ಸಜ್ಜಿ ರೊಟ್ಟಿ ಆರಾಕತ್ತಾವ, ಬಣ್ಣ ಏನ್ ಓಡಿ ಹೋಗ್ತಾವೇನು? ಬಾ ಉಣ್ಣಾಕ," ಅಂದರು ಕಾಕಾ. ಬಣ್ಣ ನಿಜವಾಗಿಯೂ ಓಡಿ ಹೋಗುತ್ತವೆ. ಎಣ್ಣೆಗಾಯಿ ಬಡಿಸುವಷ್ಟರಲ್ಲಿ ಬಿಸಿಲು ಅವರ ಕೆನ್ನೆಯಿಂದ ಕಿವಿಗೆ ಸರಿದಿತ್ತು.

ಆ ರಟ್ಟುಗಳಿಂದ ತಿಳಿದದ್ದು ಇಷ್ಟು. ಚಳಿಗಾಲದ ಬಿಸಿಲು ಮಧ್ಯಾಹ್ನವೂ ದಕ್ಷಿಣದಿಂದ ವಾರೆಯಾಗಿ ಬರುತ್ತದೆ. ಹಾಗಾಗಿ ಕಾಕಾನ ಹಣೆ ರುಮಾಲಿನ ನೆರಳಲ್ಲಿದೆ, ಕೆನ್ನೆ ಬಿಸಿಲಲ್ಲಿದೆ. ನೆರಳಲ್ಲಿರುವ ಮೈಯ ಮೇಲ್ಮುಖದ ಜಾಗಗಳಿಗೆ ಆಕಾಶದ ನೀಲಿ ಬೀಳುತ್ತದೆ. ದೊಡ್ಡವ್ವನ ಗದ್ದದ ಕೆಳಗೆ ಮಾತ್ರ ಕೆಂಪು, ಅದು ಇಳಕಲ್ ಸೀರೆಯ ಸೆರಗಿನಿಂದ ಮೇಲಕ್ಕೆ ಹಾರಿದ ಬೆಳಕು. ಫೋಟೊದಲ್ಲಿ ಆ ಕೆಂಪು ಸುತಾರಾಂ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಬೆರಗಾಗಿಸಿದ್ದು ವಿಭೂತಿ. ಕಾಕಾನ ಹಣೆಯ ಮೂರು ಪಟ್ಟೆ ಬಿಳಿ ತಾನೇ? ಅಕ್ಕಪಕ್ಕ ಹಿಡಿದು ನೋಡಿದರೆ ನೆರಳಲ್ಲಿದ್ದ ವಿಭೂತಿಗಿಂತ ಬಿಸಿಲು ಬಿದ್ದ ಅವರ ಕಂದು ಕೆನ್ನೆಯೇ ತುಸು ಬೆಳ್ಳಗಿತ್ತು. ತಲೆ "ಬಿಳಿ" ಅನ್ನುತ್ತದೆ, ರಟ್ಟಿನ ಮೇಲೆ ಹೊಂದಿದ ಬಣ್ಣ ನೀಲಿ ಮಿಶ್ರಿತ ಬೂದು.

3. ಗೆರೆ

ಇದನ್ನು ಬೇಗ ಮುಗಿಸುತ್ತೇನೆ. ಪೆನ್ಸಿಲ್ ಮುಟ್ಟಲಿಲ್ಲ. ಪೆನ್ಸಿಲ್ ಗೆರೆ ಇದ್ದರೆ ನನ್ನ ಕೈ ಬೋರ್ಡ್ ಅಕ್ಷರ ತುಂಬಿದ ಹಾಗೆ ಒಳಗೆ ಬಣ್ಣ ತುಂಬಲು ಶುರು ಮಾಡುತ್ತದೆ. ತೆಳ್ಳಗಿನ ಬರ್ನ್ಟ್ ಅಂಬರ್ (ಗಾಢ ಕಂದು), 4ನೇ ನಂಬರ್ ಬ್ರಷ್. ಅಳತೆಗೆ ತಲೆಯೇ ಮಾನ. ನಿಂತ ದೊಡ್ಡವರು ಏಳು, ಏಳೂವರೆ ತಲೆ. ನೆಲಕ್ಕೆ ಚಕ್ಕಳಮಕ್ಕಳ ಕೂತರೆ ಹೆಚ್ಚೂಕಡಿಮೆ ನಾಲ್ಕು. ಮಣಿಕಟ್ಟಿನಿಂದ ಬೆರಳ ತುದಿಯವರೆಗಿನ ಕೈಯ ಉದ್ದ, ಗದ್ದದಿಂದ ಹಣೆಯ ಮೇಲ್ಭಾಗದವರೆಗೆ. ಮಗುವಿಗೆ ತಲೆ ದೊಡ್ಡದು, ದೊಡ್ಡವರ ಲೆಕ್ಕ ಹಾಕಿದರೆ ಕುಳ್ಳ ಹೆಂಗಸಿನಂತೆ ಕಾಣುತ್ತದೆ.

4. ಮೈಬಣ್ಣ

ಶುರು ಮಾಡಿದ್ದು ನಾಲ್ಕೇ ಬಣ್ಣದಿಂದ: ಯೆಲ್ಲೋ ಓಕರ್ (ಮಣ್ಣಿನ ಹಳದಿ), ತಿಳಿ ಕೆಂಪು, ಐವರಿ ಬ್ಲ್ಯಾಕ್, ಬಿಳಿ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಝೋರ್ನ್ (1860–1920) ಹೆಸರಲ್ಲಿ ಓಡಾಡುವ ಜೋಡಣೆ ಇದು. ಕಪ್ಪಿಗೆ ಬಿಳಿ ಸೇರಿಸಿದರೆ ಬೆಚ್ಚಗಿನ ಬಣ್ಣಗಳ ಪಕ್ಕ ಅದು ನೀಲಿಯಂತೆ ಕಾಣುತ್ತದೆ, ಓಕರ್ ಸೇರಿಸಿದರೆ ಮಂಕು ಹಸಿರು. ಆ ಮಂಕು ಹಸಿರು ಹಿಂದಿನ ಬಿಳಿಜೋಳದ ಎಲೆಗೆ ಹೇಳಿ ಮಾಡಿಸಿದ ಹಾಗೆ ಕೂತಿತು, ಬೇರೆ ಹಸಿರು ಟ್ಯೂಬ್ ತೆಗೆಯಲೇ ಇಲ್ಲ. ಮನೆಯೊಳಗೆ ಕಿಟಕಿಯ ಬೆಳಕಲ್ಲಿ ಕೂತವರಿಗೆ ಈ ನಾಲ್ಕು ಸಾಕು. ತೆರೆದ ಹೊಲದ ನೆರಳಿಗೆ ಸಾಲಲಿಲ್ಲ. ಆಕಾಶದ ನೀಲಿ ಕಪ್ಪು-ಬಿಳಿಯಿಂದ ಹುಟ್ಟಲಿಲ್ಲ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ, ಅಲಿಝರಿನ್ ಕ್ರಿಮ್ಸನ್ (ತಣ್ಣನೆಯ ಗಾಢ ಕೆಂಪು) ಸೇರಿಸಿಕೊಂಡೆ. ಕೆಂಪಿಗೆ ಕ್ಯಾಡ್ಮಿಯಂ. ಅದು ಇಲ್ಲಿ ಸಿಗದೆ ಸೊಲ್ಲಾಪುರದಿಂದ ತರಿಸಿದೆ. ಕ್ಯಾಡ್ಮಿಯಂ ವಿಷ, ಒಣಗಿದ ಮೇಲೆ ಉಜ್ಜಿ ಪುಡಿ ಎಬ್ಬಿಸಬೇಡಿ, ಆ ಕೈಯಲ್ಲಿ ರೊಟ್ಟಿ ಮುರಿಯಬೇಡಿ.

ಕೆಟ್ಟದ್ದು ದೊಡ್ಡವ್ವನ ಮುಖದಲ್ಲಿ. ಕಂದು ಬಣ್ಣ ಕಲಸಿ, ಬೆಳಕು ಬಿದ್ದ ಜಾಗಕ್ಕೆ ಅದಕ್ಕೇ ಬಿಳಿ ಸೇರಿಸುತ್ತ ಹೋದೆ. ಬೋರ್ಡಿನ ಕೆಲಸದಲ್ಲಿ ತಿಳಿ ಬಣ್ಣ ಬೇಕೆಂದರೆ ಬಿಳಿ ಹಾಕುವುದು, ಅಷ್ಟೇ ಗೊತ್ತಿದ್ದದ್ದು. ದೊಡ್ಡವ್ವ ಮನೆಗೆ ಬಂದವಳು ನೋಡಿ, "ಯಾಕೋ ತಮ್ಮಾ, ನಾ ಹಿಂಗ ಬೂದಿ ಬಡಕೊಂಡಾಂಗ ಅದೀನೇನು?" ಅಂದಳು. ಸರಿಯಾಗಿಯೇ ಹೇಳಿದಳು. ಬಿಳಿಯು ಬೇರೆ ಬಣ್ಣವನ್ನು ತಿಳಿ ಮಾಡುವುದರ ಜೊತೆಗೆ ತಣ್ಣಗೆ ಮಾಡುತ್ತದೆ, ಅದರ ಕಸುವನ್ನೂ ತೆಗೆಯುತ್ತದೆ. ಬೆಳ್ಳಗಿನ ಮೈಗೆ ಅದು ನಡೆದೀತು. ನಮ್ಮ ಕಡೆಯ ಬಿಸಿಲುಂಡ ಮೈಗೆ ನಡೆಯುವುದಿಲ್ಲ.

ಪೂರ್ತಿ ಮುಖ ಕೆರೆದು, ಬಿಳಿ ಟ್ಯೂಬನ್ನು ಮೇಜಿನ ಆ ತುದಿಗೆ ಇಟ್ಟೆ. ಎದ್ದು ಹೋಗಿ ತರಬೇಕು, ಹಾಗಿದ್ದರೆ ಮಾತ್ರ ಕೈ ಸುಮ್ನೆ ಅದರ ಕಡೆ ಹೋಗುವುದಿಲ್ಲ. ಬಿಳಿ ಇಲ್ಲದೆ ಎಷ್ಟು ಮೇಲಕ್ಕೆ ಹೋಗಬಹುದು ಅಂತ ಓಕರ್ ಮತ್ತು ಕೆಂಪಿನಲ್ಲೇ ನೋಡಿದೆ. ತುಂಬ ದೂರ ಹೋಗಬಹುದು. ಕೊನೆಗೆ ಉಳಿದ ಕಲಸುವ ಲೆಕ್ಕ ಇದು, ಚಾಕುವಿನ ತುದಿಯ ಅಂದಾಜು ಪಾಲುಗಳಲ್ಲಿ.

ಕಾಕಾ, ನೆರಳು: ಬರ್ನ್ಟ್ ಸಿಯೆನ್ನಾ 3, ಅಲ್ಟ್ರಾಮರೀನ್ 1, ಅಲಿಝರಿನ್ ಒಂದು ಚಿಟಿಕೆ. ನಡುಬಣ್ಣ: ಸಿಯೆನ್ನಾ 2, ಓಕರ್ 1, ಕ್ಯಾಡ್ಮಿಯಂ ಕೆಂಪು ಅರ್ಧ. ಬಿಸಿಲು: ಓಕರ್ 2, ಕೆಂಪು 1, ಸಿಯೆನ್ನಾ ಅರ್ಧ, ಆಮೇಲೆ ಬಿಳಿ, ಅದೂ ಬೇಕಾದಷ್ಟೇ. ಹೊಳಪಿನ ಚುಕ್ಕಿ ಬಿಸಿಲಿನ ಬಣ್ಣದ್ದಲ್ಲ. ಮೂಗಿನ ತುದಿ, ಕೆನ್ನೆಯ ಮೂಳೆಯ ಮೇಲೆ ಬೆವರಿನ ಹೊಳಪಿನಲ್ಲಿ ಆಕಾಶ ಕಾಣುತ್ತದೆ. ಅಲ್ಲಿ ಬಿಳಿಗೆ ಕೂದಲೆಳೆಯಷ್ಟು ನೀಲಿ.

ದೊಡ್ಡವ್ವನಿಗೆ ನಡುಬಣ್ಣದಲ್ಲಿ ಓಕರ್ ಜಾಸ್ತಿ. ಹಬ್ಬದ ದಿನದ ಅರಿಷಿಣ ಕೆನ್ನೆಯ ಮೇಲೆ ಇನ್ನೂ ಉಳಿದಿತ್ತು. ಗದ್ದದ ಕೆಳಗಿನ ನೆರಳಿಗೆ ನೀಲಿ ಕಡಿಮೆ ಮಾಡಿ ಅಲಿಝರಿನ್ ಏರಿಸಿದೆ. ಆ ಒಂದು ಗೀರಿನಿಂದ ಮುಖ ಮತ್ತು ಸೀರೆ ಒಂದೇ ಬೆಳಕಿಗೆ ಬಂದವು. ಮಗುವಿಗೆ ಮೂರೇ ಬಣ್ಣ, ಅಂಚುಗಳೆಲ್ಲ ಮೆತ್ತಗೆ. ಕಿವಿಯ ಹಿಂದಿನಿಂದ ಬಿಸಿಲು ಬಂದಿದ್ದರಿಂದ ಕಿವಿ ಮಾತ್ರ ಅಪ್ಪಟ ಕೆಂಪು, ಕ್ಯಾಡ್ಮಿಯಂ ಮತ್ತು ಓಕರ್.

ಇನ್ನೊಂದು ಸಾಮಾನ್ಯ ಲೆಕ್ಕ ಇದೆ, ಮೂವರಿಗೂ ಹೊಂದಿತು. ಹಣೆ ಹಳದಿಯ ಕಡೆ, ಕೆನ್ನೆ-ಮೂಗು-ಕಿವಿಯ ಪಟ್ಟೆ ಕೆಂಪಿನ ಕಡೆ, ದವಡೆ ಬೂದಿಯ ಕಡೆ ವಾಲುತ್ತದೆ. ಗಂಡಸರಲ್ಲಿ ದವಡೆಯ ಬೂದು ಜಾಸ್ತಿ, ಗಡ್ಡದ ಬೇರಿನಿಂದ. ಕಾಕಾನ ಗಡ್ಡ ನೆರೆತಿದೆ, ಹಾಗಾಗಿ ಅಲ್ಲಿ ಕಪ್ಪು-ಬಿಳಿಯ ಬೂದು ಚೆನ್ನಾಗಿ ಕೂತಿತು. ಕಣ್ಣಿನ ಬಿಳಿಗುಡ್ಡೆ, ಹಲ್ಲು ಎರಡಕ್ಕೂ ಬಿಳಿ ಬೇಡ. ನೆರಳಿನ ಮುಖದಲ್ಲಿ ಅವು ಬೂದು.

ಒಂದು ಮಾತು ಹೇಳಲೇಬೇಕು. ತೀರಿಹೋದವರ ಭಾವಚಿತ್ರ ಬರೆಸಲು ಬರುವವರು ನೂರಕ್ಕೆ ತೊಂಬತ್ತು ಮಂದಿ "ಸ್ವಲ್ಪ ಬೆಳ್ಳಗ ಮಾಡ್ರಿ" ಅನ್ನುತ್ತಾರೆ. ಫೋಟೊ ಸ್ಟುಡಿಯೊಗಳೂ ಕೇಳದೆಯೇ ಮಾಡಿಕೊಡುತ್ತವೆ. ಹೊಟ್ಟೆಪಾಡಿಗೆ ನಾನೂ ಮಾಡಿದ್ದೇನೆ. ಮುಖ ತೊಳೆದ ಪಾತ್ರೆಯ ಹಾಗಾಗುತ್ತದೆ, ಮನುಷ್ಯ ಕಾಣುವುದಿಲ್ಲ. ಕಪ್ಪು ಮೈಯಲ್ಲಿ ಎಷ್ಟು ಬಣ್ಣಗಳಿವೆ ಅಂತ ಈ ಹೊಲದ ರಟ್ಟುಗಳನ್ನು ತೋರಿಸಿ ಹೇಳಬೇಕು ಅನ್ನಿಸುತ್ತದೆ.

5. ಸಡಿಲ ಬ್ರಷ್

ಹಂದಿ ಕೂದಲಿನ ಚಪ್ಪಟೆ ಬ್ರಷ್ 6, 10, 12. ಬ್ರಷ್ಷುಗಳಿಗೆ ಒಟ್ಟು 620 ರೂಪಾಯಿ. ಬೋರ್ಡಿನ ಲೈನರ್ ಬ್ರಷ್ಷುಗಳನ್ನೂ ಕೈ ಊರುವ ಕೋಲನ್ನೂ ಒಳಗಿನ ಕೋಣೆಯಲ್ಲಿಟ್ಟೆ. ಕೋಲು ಊರಿದರೆ ಬೆರಳು ಮಾತ್ರ ಓಡಾಡುತ್ತದೆ, ಭುಜ ಓಡಾಡುವುದಿಲ್ಲ.

ಮೊದಲ ಸಲ ಸಡಿಲ ಅಂದರೆ ಜೋರಾಗಿ ಹೊಡೆಯುವುದು ಅಂದುಕೊಂಡು ಮುಖ, ಸೀರೆ, ಗಿಡ, ಬುತ್ತಿ ಎಲ್ಲದರ ಮೇಲೂ ಒಂದೇ ಅಳತೆಯ ಗೀರು ಹಾಕಿದೆ. ದೂರದಿಂದ ನೋಡಿದರೂ ಯಾರೂ ಕೂಡಿ ಬರಲಿಲ್ಲ. ಅವಸರದ ಗೀರು ಮಾತ್ರ ಕಂಡಿತು. ಸಡಿಲ ಅನ್ನುವುದು ಕೈಯಲ್ಲಿಲ್ಲ, ಕಲಸುವ ಗಾಜಿನ ಮೇಲಿದೆ. ಬಣ್ಣದ ತಿಳಿ-ಗಾಢ ಸರಿ ಇದ್ದರೆ ಗೀರು ಎಷ್ಟೇ ಒರಟಾಗಿ ಬಿದ್ದರೂ ಕೆನ್ನೆ ಕೆನ್ನೆಯಾಗುತ್ತದೆ. ಅದು ತಪ್ಪಿದ್ದರೆ ಎಷ್ಟು ತೀಡಿದರೂ ಆಗುವುದಿಲ್ಲ.

ಹಾಗಾಗಿ ಕೆಲಸದ ಕ್ರಮ ಬದಲಾಯಿಸಿದೆ. ಕಿಟಕಿಯ ಗಾಜಿನ ತುಂಡು ಪ್ಯಾಲೆಟ್, ಅದರ ಕೆಳಗೆ ಕಂದು ಕಾಗದ, ಕ್ಯಾನ್ವಾಸಿನ ನೆಲದ ಬಣ್ಣವೇ ಅಲ್ಲೂ ಕಾಣಲಿ ಅಂತ. ಪ್ರತಿಯೊಬ್ಬರಿಗೂ ಮೂರು ಗುಡ್ಡೆ ಬಣ್ಣ, ಚಾಕುವಿನಿಂದಲೇ ಕಲಸಿದ್ದು: ಬಿಸಿಲು, ನಡು, ನೆರಳು. ಗುಡ್ಡೆಗಳು ಸಿದ್ಧವಾಗುವವರೆಗೆ ಬ್ರಷ್ ಮುಟ್ಟುವಂತಿಲ್ಲ. ಅರ್ಧ ಹೊತ್ತು ಇದರಲ್ಲೇ ಹೋಗುತ್ತದೆ, ಹೋಗಲಿ. ಆಮೇಲೆ ನಿಂತುಕೊಂಡು, ಬ್ರಷ್ಷಿನ ಹಿಡಿಯ ತುದಿ ಹಿಡಿದು, ಕಣ್ಣು ಅರ್ಧ ಮುಚ್ಚಿ ನೋಡಿ, ಒಂದು ಗೀರು. ಬ್ರಷ್ ಒರೆಸು. ಆರೇಳು ಅಡಿ ಹಿಂದೆ ಬಂದು ನೋಡು. ಮತ್ತೊಂದು ಗೀರು. ಹಾಕಿದ ಗೀರನ್ನು ಸವರಿ ನುಣ್ಣಗೆ ಮಾಡುವಂತಿಲ್ಲ. ತಪ್ಪಿದರೆ ಚಾಕುವಿನಿಂದ ಕೆರೆದು ಹೊಸದು.

ಅಂಚುಗಳ ವಿಷಯದಲ್ಲಿ ಜಿಪುಣನಾದೆ. ಚೂಪಾದ ಅಂಚು ಮೂರೇ ಕಡೆ: ರುಮಾಲು ಕೆನ್ನೆಗೆ ತಾಗುವಲ್ಲಿ, ದೊಡ್ಡವ್ವನ ಮೂಗಿನ ಪಕ್ಕ, ಮಗುವಿನ ಕಿವಿ. ಕಾಕಾನ ಬೆನ್ನು ಗಿಡದ ನೆರಳಿನೊಳಗೆ ಕರಗಿ ಹೋಗಿದೆ, ಗೆರೆಯೇ ಇಲ್ಲ. ನೋಡಿದವರು ಯಾರೂ ಬೆನ್ನೆಲ್ಲಿ ಅಂತ ಕೇಳಿಲ್ಲ. ಅಪ್ಪಟ ಬಿಳಿ ಇರುವುದು ಒಂದೇ ಜಾಗದಲ್ಲಿ, ಬಿಸಿಲಿಗೆ ತಾಗಿದ ರುಮಾಲಿನ ಮಡಿಕೆಯಲ್ಲಿ. ವಿಭೂತಿ ಬೂದು-ನೀಲಿಯ ಮೂರು ಒಣ ಗೀರು.

ಕೈ ಹಳೆಯ ಚಾಳಿಗೆ ಬಿದ್ದದ್ದು ಸೆರಗಿನಲ್ಲಿ. ಇಳಕಲ್ ಸೀರೆಯ ಟೋಪ್ ತೆನಿ, ಕೆಂಪಿನ ಮೇಲೆ ಬಿಳಿಯ ಹಲ್ಲು ಹಲ್ಲು ಗೋಪುರ. ಬೋರ್ಡ್ ಬರೆಯುವವನಿಗೆ ಅದಕ್ಕಿಂತ ರುಚಿ ಬೇರೇನಿದೆ? ಲೈನರ್ ಹುಡುಕಿ ತಂದು ಒಂದೊಂದೇ ಹಲ್ಲು ಬರೆದೆ. ಬಲು ಚೆಂದ ಬಂತು. ಚಿತ್ರ ನೋಡಲು ಬಂದವರ ಕಣ್ಣೆಲ್ಲ ಸೆರಗಿಗೇ ಹೋಯಿತು, ದೊಡ್ಡವ್ವನ ಮುಖ ಯಾರೂ ನೋಡಲಿಲ್ಲ. ಒರೆಸಿ ಹಾಕಿ, 6ನೇ ನಂಬರಿನ ಅಂಚಿನಿಂದ ಐದಾರು ಒತ್ತು ಕೊಟ್ಟೆ. ಈಗಲೂ ಅದು ಇಳಕಲ್ ಸೀರೆಯೇ.

ಒಣಗುವ ಕಾಟ. ನನ್ನ ಕೆಲಸದ ಜಾಗ ತಗಡಿನ ಕೆಳಗೆ. ಫೆಬ್ರುವರಿ ಕಳೆದ ಮೇಲೆ ಮಧ್ಯಾಹ್ನ ಅಲ್ಲಿ ಕಲಸಿದ ಅಂಬರ್ ಮರುದಿನವೇ ಚರ್ಮ ಕಟ್ಟುತ್ತಿತ್ತು. ಅಂಬರ್ ಮೊದಲೇ ಬೇಗ ಒಣಗುವ ಬಣ್ಣ. ಗುಡ್ಡೆಗೆ ಒಂದು ಹನಿ ಲವಂಗದೆಣ್ಣೆ ಕಲಸಿದರೆ ಒಣಗುವುದು ನಿಧಾನವಾಗುತ್ತದೆ. ಹಲ್ಲುನೋವಿಗೆ ಮನೆಯಲ್ಲಿದ್ದ ಸೀಸೆಯೇ ಸಾಕಾಯಿತು. ಹನಿ ಅಂದರೆ ಹನಿ, ಜಾಸ್ತಿಯಾದರೆ ಬಣ್ಣದ ಪದರ ಬಲ ಕಳೆದುಕೊಳ್ಳುತ್ತದೆ. ಬಣ್ಣಕ್ಕೆ ಕಲಸುವ ಅಗಸಿ ಎಣ್ಣೆ ಮಾತ್ರ ಗಾಣದಿಂದ ತರಬೇಡಿ. ಅಗಸಿ ಚಟ್ನಿಪುಡಿಯ ಊರಿನವರಿಗೆ ಆಸೆಯಾಗುತ್ತದೆ, ಗೊತ್ತು. ಅದರಲ್ಲಿ ಅಂಟು ಉಳಿದಿರುತ್ತದೆ, ಹಳದಿಯಾಗುವುದೂ ಜಾಸ್ತಿ. ಚಿತ್ರಕ್ಕೆಂದೇ ಶುದ್ಧ ಮಾಡಿದ್ದು ಬೇಕು. ಕೆಳಗಿನ ಪದರದಲ್ಲಿ ಟರ್ಪೆಂಟೈನ್ ಹೆಚ್ಚು, ಮೇಲೆ ಹೋದಂತೆ ಎಣ್ಣೆ ಹೆಚ್ಚು. ತಿರುವುಮುರುವಾದರೆ ಬಿರುಕು.

ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಏರಿ ತಾನೇ ಬೆಂಕಿ ಹತ್ತಬಹುದು. ತಗಡಿನ ಮನೆಯಲ್ಲಂತೂ ಕೇಳುವುದೇ ಬೇಡ. ನಾನು ನೀರಿನ ಬಕೀಟಿನಲ್ಲಿ ಅದ್ದಿಡುತ್ತೇನೆ.

6. ಕೈ, ಖರ್ಚು, ಬಾಕಿ

ಕಾಕಾನ ಬಲಗೈಯಲ್ಲಿ ರೊಟ್ಟಿಯ ತುಂಡು ಇದೆ. ಅಂಗೈ ಅರ್ಧ ಕಾಣುತ್ತದೆ. ನಮ್ಮವರ ಕೈಯ ಹಿಂಬದಿ ಮತ್ತು ಅಂಗೈ ಎರಡು ಬೇರೆ ಬಣ್ಣ. ಹಿಂಬದಿ ಗಾಢ, ಗೆಣ್ಣುಗಳಲ್ಲಿ ಇನ್ನೂ ಗಾಢ. ಅಂಗೈ ತಿಳಿ, ಗುಲಾಬಿ ಕಡೆಯ ಓಕರ್. ನಡುವೆ ಬೆರಳಿನ ಪಕ್ಕದಲ್ಲಿ ಒಂದು ಗಡಿ ಇದೆ. ಆ ಗಡಿ ಚೂಪಾದರೆ ಕೈಗವಸು ಹಾಕಿದಂತೆ, ಕರಗಿದರೆ ಬೆರಳೇ ಇಲ್ಲದಂತೆ. ಬೆರಳು ಎಣಿಸಿ ಬರೆದರೆ ಉಳಿದ ಚಿತ್ರದ ಸಡಿಲದೊಳಗೆ ಅದೊಂದೇ ಬಿಗಿ ಕೈ ಎದ್ದು ನಿಲ್ಲುತ್ತದೆ. ಐದು ಬೆರಳನ್ನು ಎರಡು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೇ ಗೀರು ಹಾಕಿ ನೋಡಿದೆ. ಆಕಾರ ಬಂತು, ರೊಟ್ಟಿ ಹಿಡಿದಿದ್ದಾರೆ ಅನ್ನಿಸಲಿಲ್ಲ, ರೊಟ್ಟಿ ಅಂಟಿಕೊಂಡಿತ್ತು. ಫೋಟೊದಲ್ಲಿ ಆ ಜಾಗ ಪೂರ್ತಿ ನೆರಳು, ರಟ್ಟಿನಲ್ಲಿ ಅಂಗೈ ಬರೆದುಕೊಂಡೇ ಇರಲಿಲ್ಲ.

ಖರ್ಚು: ಚೌಕಟ್ಟು ಮತ್ತು ಬಟ್ಟೆ 630, ಜೆಸ್ಸೋ 380, ಬ್ರಷ್ 620, ಬಣ್ಣದ ಟ್ಯೂಬುಗಳು ಸುಮಾರು 2,100 (ಅದರಲ್ಲಿ ಕ್ಯಾಡ್ಮಿಯಂ ಒಂದೇ ದೊಡ್ಡ ಪಾಲು ತಿಂದಿತು), ಎಣ್ಣೆ ಮತ್ತು ಟರ್ಪೆಂಟೈನ್ 350. ಬಿಳಿಯ ದೊಡ್ಡ ಟ್ಯೂಬ್ ತಂದಿದ್ದೆ, ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಮುಂದಿನ ಸಲ ಆ ದುಡ್ಡಲ್ಲಿ ಇನ್ನೊಂದು ಓಕರ್ ತರುತ್ತೇನೆ.

ಬಾಕಿ ಇರುವುದು: ಊರಿಗೆ ಹೋದಾಗ ಕಾಕಾನನ್ನು ಅಂಗಳದ ನೆರಳಲ್ಲಿ ಕೂರಿಸಿ, ಕೈಗೆ ನಿಜವಾದ ರೊಟ್ಟಿ ಕೊಟ್ಟು, ಕೈಯೊಂದನ್ನೇ ರಟ್ಟುಗಳ ಮೇಲೆ ಬರೆದುಕೊಂಡು ಬರಬೇಕು. ಈಗಾಗಲೇ ಫೋನಿನಲ್ಲಿ ಹೇಳಿದ್ದೇನೆ. "ರೊಟ್ಟಿ ಜೋಡಿ ಹಿಂಡಿಪಲ್ಲೆನೂ ಇರಲಿ, ಖಾಲಿ ರೊಟ್ಟಿ ಹಿಡ್ಕೊಂಡು ಎಷ್ಟೊತ್ತು ಕುಂದ್ರಲಿ?" ಅಂದಿದ್ದಾರೆ. ಕೆರೆದ ಜಾಗಕ್ಕೆ ಬರೆಯುವ ಮೊದಲು ತೆಳ್ಳಗೆ ರಿಟಚ್ ವಾರ್ನಿಶ್ ಹಚ್ಚಿ ಮಂಕು ತೆಗೆಯಬೇಕು. ಕೊನೆಯ ವಾರ್ನಿಶ್‌ಗೆ ಅವಸರ ಇಲ್ಲ. ರುಮಾಲಿನ ದಪ್ಪ ಬಣ್ಣ ಒಳಗಿನವರೆಗೆ ಒಣಗಲು ಆರು ತಿಂಗಳಾದರೂ ಬೇಕು.